ಟ್ರಿಮ್ ಚಕ್ರ ಬಿಗಿಯಾದ ಭಾನುವಾರ

ಹಳೆಯ ವಿಮಾನ ಇಟ್ಟುಕೊಂಡವರಿಗೆ ಈ ತೊಂದರೆ ಹೊಸದಲ್ಲ. ನಿನ್ನೆ ಸಲೀಸಾಗಿ ತಿರುಗುತ್ತಿದ್ದ ಟ್ರಿಮ್ ಚಕ್ರ ಇವತ್ತು ಮೊಂಡು ಹಿಡಿದು ಕೂರುತ್ತದೆ.

ಕಡೂರಿನ ಕೊಬ್ಬರಿ ವ್ಯಾಪಾರಿ ಷಡಕ್ಷರಿಯವರ ವಿಮಾನಕ್ಕೂ ಹಾಗೇ ಆಯಿತು. ಇಬ್ಬರು ಕೂರುವ, ಹೆಚ್ಚುಕಮ್ಮಿ ಅವರಷ್ಟೇ ವಯಸ್ಸಾದ ವಿಮಾನ ಅದು. ಯಗಟಿ ಹತ್ತಿರ ಗೆಳೆಯರೆಲ್ಲ ಸೇರಿ ಮಾಡಿಕೊಂಡಿದ್ದ ಸಣ್ಣ ರನ್‌ವೇ ಪಕ್ಕದ ಶೆಡ್ಡಿನಲ್ಲಿ ಇರುತ್ತಿತ್ತು. ಷಡಕ್ಷರಿ ಲೈಸೆನ್ಸ್ ಪಡೆದ ಪೈಲಟ್. ಆ ಭಾನುವಾರ ಹೆಂಡತಿ ತೀರ್ಥಮ್ಮನನ್ನು ಮೊದಲ ಸಲ ಕೂರಿಸಿಕೊಂಡು ಹಾರುವುದಿತ್ತು. ತೀರ್ಥಮ್ಮ ಮಲ್ಲಿಗೆ ಮುಡಿದು, ಸೆರಗಿಗೆ ಪಿನ್ನು ಹಾಕಿಕೊಂಡು ಸೀಟಿನಲ್ಲಿ ಕೂತೂ ಆಗಿತ್ತು.

ಹಾರುವ ಮುಂಚೆ ಎಲ್ಲವನ್ನೂ ಪರೀಕ್ಷಿಸುವಾಗ ಟ್ರಿಮ್ ಚಕ್ರ ಅರ್ಧಕ್ಕೇ ನಿಂತುಬಿಟ್ಟಿತು. ಈ ಚಕ್ರ ತಿರುಗಿಸಿದರೆ ಬಾಲದಲ್ಲಿರುವ ಪುಟ್ಟ ಪಟ್ಟಿಯೊಂದು ಆಡುತ್ತದೆ. ಅದು ಸರಿಯಾಗಿದ್ದರೆ ಪೈಲಟ್ ಯಾವಾಗಲೂ ಮುಂದಿರುವ ಹಿಡಿಕೆ, ಅಂದರೆ ಸ್ಟಿಕ್, ಎಳೆದುಕೊಂಡೇ ಇರಬೇಕಿಲ್ಲ, ವಿಮಾನದ ಮೂಗು ತಾನಾಗಿಯೇ ನೆಟ್ಟಗಿರುತ್ತದೆ.

"ಹೋದ ವಾರಾನೇ ಆಯಿಲ್ ಬಿಟ್ಟಿವ್ನಿ ಕಣೇ. ಸ್ವಲ್ಪ ಜೋರು ಮಾಡಿದ್ರೆ ಬಗ್ಗುತ್ತೆ" ಎಂದರು ಷಡಕ್ಷರಿ.

"ನೀವು ಜೋರು ಮಾಡಿದ್ರೆ ನಾನೇ ಬಗ್ಗಲ್ಲ, ಅದು ಬಗ್ಗುತ್ತಾ? ಶಿರೀನ್ ಇಲ್ಲೇ ಅವ್ಳಲ್ಲ, ಕರೀರಿ" ಎಂದರು ತೀರ್ಥಮ್ಮ.

ತರೀಕೆರೆಯ ಶಿರೀನ್ ತಾಜ್ ವಿಮಾನ ರಿಪೇರಿಯ ಲೈಸೆನ್ಸ್ ಇರುವ ಎಂಜಿನಿಯರ್. ಅವತ್ತು ಪಕ್ಕದ ಶೆಡ್ಡಿನಲ್ಲಿ ಇನ್ನೊಂದು ವಿಮಾನ ನೋಡುತ್ತಿದ್ದವರು ಕೈ ಒರೆಸಿಕೊಳ್ಳುತ್ತಾ ಬಂದರು.

"ಅಣ್ಣಾ, ಮೊದ್ಲು ಕೈ ತೆಗೀರಿ. ಎಲ್ಲಿ ಬಿಗಿ ಆಗಿದೆ ಅಂತ ಗೊತ್ತಾಗೋವರೆಗೂ ತಿರುಗಿಸ್ಬೇಡಿ."

ಚಕ್ರದಿಂದ ಬಾಲದವರೆಗೆ ಉಕ್ಕಿನ ಕೇಬಲ್ಲೊಂದು ಸಣ್ಣ ಸಣ್ಣ ರಾಟೆಗಳ ಮೇಲೆ ಹಾದುಹೋಗಿತ್ತು. ಶಿರೀನ್ ಮುಚ್ಚಳಗಳನ್ನು ಬಿಚ್ಚಿ ನೋಡುತ್ತಾ ಹೋದರು. ಬಾಲದ ಹತ್ತಿರದ ರಾಟೆಯೊಂದರಲ್ಲಿ ಹಳೇ ಗ್ರೀಸು, ಧೂಳು ಸೇರಿ ಕಪ್ಪಗೆ ಗಟ್ಟಿಯಾಗಿತ್ತು. ರಾಟೆ ತಿರುಗುತ್ತಲೇ ಇರಲಿಲ್ಲ. ಕೇಬಲ್ ಅದರ ಮೇಲೆ ಉಜ್ಜಿಕೊಂಡೇ ಓಡಾಡುತ್ತಿತ್ತು.

"ಅಕ್ಕಾ, ಒಂದು ಹಳೇ ಬಟ್ಟೆ ಕೊಡಿ."

ತೀರ್ಥಮ್ಮ ಕರ್ಚೀಫು ಕೊಟ್ಟರು. ಶಿರೀನ್ ಅದನ್ನು ಕೇಬಲ್ಲಿಗೆ ಸುತ್ತಿ ಮೆಲ್ಲಗೆ ಎಳೆದರು. ರಾಟೆಯ ಹತ್ತಿರ ಬಟ್ಟೆ ಚಕ್ಕನೆ ಸಿಕ್ಕಿಕೊಂಡಿತು. ಅಲ್ಲಿ ಕೂದಲಿನಷ್ಟು ಸಣ್ಣ ಉಕ್ಕಿನ ಎಳೆಗಳು ಹರಿದು ಮುಳ್ಳಿನ ಹಾಗೆ ಎದ್ದಿದ್ದವು.

"ಆಯಿಲ್ ಬಿಟ್ಟಿದ್ದು ಮುಂದೆ, ರೋಗ ಇರೋದು ಹಿಂದೆ" ಎಂದರು ಶಿರೀನ್.

ಷಡಕ್ಷರಿ ಇನ್ನೂ ಒಪ್ಪಲಿಲ್ಲ. "ಒಂದೆರಡು ಎಳೆ ತಾನೇನಮ್ಮಾ? ಇವತ್ತೊಂದಿನ ಒಂದು ಸುತ್ತು ಹೋಗ್ಬತ್ತೀವಿ. ಪಾಪ, ಇವ್ಳು ಎಷ್ಟು ಆಸೆ ಪಟ್ಕೊಂಡು ಬಂದವ್ಳೆ."

"ಮೇಲೆ ಹೋದಾಗ ಕೇಬಲ್ ತುಂಡಾದ್ರೆ? ಮೂಗು ಒಂದೇ ಕಡೆ ಎಳೀತಾ ಇದ್ರೆ, ಇಳಿಯೋವರೆಗೂ ಸ್ಟಿಕ್ ಜೊತೆ ಕುಸ್ತಿ ಆಡ್ಬೇಕು. ಪಕ್ಕದಲ್ಲಿ ಯಾರು ಕೂತಿರ್ತಾರೆ ನೋಡ್ಕೊಳ್ಳಿ."

ಷಡಕ್ಷರಿ ತೀರ್ಥಮ್ಮನ ಕಡೆ ತಿರುಗಿದರು. ಆಮೇಲೆ ಕೀ ತೆಗೆದು ಶಿರೀನ್ ಕೈಗೆ ಕೊಟ್ಟರು.

"ಇವತ್ತು ಬ್ಯಾಡ ಕಣೇ ತೀರ್ಥ."

"ಬ್ಯಾಡ ಅಂದ್ರೆ ಬ್ಯಾಡ. ಚಿತ್ರಾನ್ನ ತಂದಿವ್ನಿ, ರೆಕ್ಕೆ ನೆರಳಲ್ಲೇ ಕೂತು ಉಣ್ಣಾನ ಬನ್ನಿ. ಶಿರೀನ್, ನೀನೂ ಬಾರೇ."

ಆ ವಿಮಾನಕ್ಕೆ ಸರಿಹೊಂದುವ ಕೇಬಲ್, ರಾಟೆ ಬಂದ ಮೇಲೆ ಶಿರೀನ್ ಹಳೆಯವನ್ನು ತೆಗೆದು ಹೊಸವನ್ನು ಹಾಕಿದರು. ಗಟ್ಟಿಯಾದ ಗ್ರೀಸು ಕೆರೆದು, ವಿಮಾನ ತಯಾರಿಸಿದವರು ಹೇಳಿದ ಗ್ರೀಸನ್ನೇ, ಹೇಳಿದ ಜಾಗಕ್ಕೆ ಮಾತ್ರ ಹಚ್ಚಿದರು. ಕೇಬಲ್ ಎಷ್ಟು ಬಿಗಿ ಇರಬೇಕೋ ಅಷ್ಟೇ ಇದೆಯೇ ಎಂದು ಅಳತೆ ಮಾಡಿದರು.

"ಅಕ್ಕಾ, ನೀವು ಒಳಗೆ ಕೂತು ಚಕ್ರ ತಿರುಗಿಸಿ. ಅಣ್ಣಾ, ಬಾಲದ ಹತ್ರ ನಿಂತ್ಕೊಳ್ಳಿ. ಮೂಗು ಇಳಿಸೋ ಕಡೆ ತಿರುಗಿಸಿದ್ರೆ ಪಟ್ಟಿ ಮೇಲಕ್ಕೇ ಬರ್ಬೇಕು. ಕೆಳಕ್ಕೆ ಹೋದ್ರೆ ಕೇಬಲ್ ಉಲ್ಟಾ ಕೂತಿದೆ ಅಂತ."

ತೀರ್ಥಮ್ಮ ಒಂದೇ ಬೆರಳಲ್ಲಿ ತಿರುಗಿಸಿದರು.

"ಮೇಲಕ್ಕೆ ಬಂತು ಕಣೇ!" ಎಂದು ಷಡಕ್ಷರಿ ಹಿಂದಿನಿಂದ ಮಗುವಿನಂತೆ ಕೂಗಿದರು.

ಶಿರೀನ್ ಕೊನೆಯಿಂದ ಕೊನೆಗೆ ಎಲ್ಲ ನೋಡಿ ವಿಮಾನದ ದಾಖಲೆ ಪುಸ್ತಕದಲ್ಲಿ ಸಹಿ ಹಾಕಿದರು. ಷಡಕ್ಷರಿ ಮೊದಲು ಒಬ್ಬರೇ ಹಾರಿ ಬಂದರು. ಆಮೇಲೆ ಹೆಂಡತಿಯನ್ನು ಕೂರಿಸಿಕೊಂಡರು. ಪಂಚನಹಳ್ಳಿಯ ತೆಂಗಿನ ತೋಟಗಳ ಮೇಲೆ ವಿಮಾನ ನೆಟ್ಟಗೆ ಹೋಗುತ್ತಿತ್ತು. ಷಡಕ್ಷರಿ ಸ್ಟಿಕ್ಕಿನಿಂದ ಕೈ ತೆಗೆದರು.

"ಅಯ್ಯೋ, ಕೈ ಬಿಟ್ಬಿಟ್ರಲ್ರೀ!"

"ಟ್ರಿಮ್ಮೇ ಮೂಗ್ನ ಹಿಡ್ಕಂಡೈತೆ ಕಣೇ, ಹೆದರ್ಬ್ಯಾಡ."

ವಿಮಾನ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಟ್ರಿಮ್ ಚಕ್ರ ಬಿಗಿ ಅನ್ನಿಸಿದರೆ ಅವತ್ತು ನೆಲದ ಮೇಲೇ ಇರಿ. ಬಲ ಹಾಕಬೇಡಿ. ಕಂಡಕಂಡ ಎಣ್ಣೆ ಸುರಿಯಬೇಡಿ. ಲೈಸೆನ್ಸ್ ಇರುವ ಎಂಜಿನಿಯರನ್ನು ಕರೆಸಿ, ಚಕ್ರದಿಂದ ಬಾಲದವರೆಗೂ ತೋರಿಸಿ. ಪಕ್ಕದ ಸೀಟಿನವರು ಬೆಲ್ಟು ಹಾಕಿಕೊಳ್ಳುವುದು ನಿಮ್ಮನ್ನು ನಂಬಿ.