ಹಳೆಯ ಗಾಲಿಯ ಶ್ರುತಿ

ನಾನು ಮಣ್ಣುದಾರಿಯ ಬೈಕು. ಪೆಟ್ರೋಲು ಕುಡಿದು, ಓಣಿಯೆಲ್ಲ ಬೈಯುವಂತೆ ಗುಡುಗಿ ಬದುಕಿದವನು. ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಬೆಳಗಾವಿಯ ಒಬ್ಬ ಶೋಕಿಲಾಲ ನನ್ನ ಮೇಲಿಂದ ಎರಡು ಸಲ ಬಿದ್ದು, ಕೈಮುಗಿದು ಮಾರಿಬಿಟ್ಟ. ಆಗ ಸಿಕ್ಕವಳು ಧಾರವಾಡದ ನೀಲಾಂಬಿಕೆ. ಪಾಳುಬಿದ್ದ ಕಲ್ಲುಗಣಿಯ ದಿಬ್ಬಗಳ ಮೇಲೆ ಅವಳು ನನ್ನನ್ನು ಹಾರಿಸಿದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವಳು ನನ್ನವಳೆಂದೇ ತಿಳಿದಿದ್ದೆ.

ಕೊನೆಗೆ ನನ್ನ ಇಂಜಿನು ಸುಟ್ಟುಹೋಯಿತು. ನನ್ನ ಜಾಗಕ್ಕೆ ಅದು ಬಂತು. ಕರೆಂಟಿನ ಬೈಕು! ಹೊಗೆಯಿಲ್ಲ, ಸದ್ದಿಲ್ಲ, ಮೈಮೇಲೆ ಒಂದು ಗೀರಿಲ್ಲ. ನೋಡಿದ ಕೂಡಲೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಆಗ ಹೊಟ್ಟೆಯಲ್ಲಿ ಪೆಟ್ರೋಲು ಇರಲಿಲ್ಲ, ಪುಣ್ಯ. ನನ್ನನ್ನು ಗುಜರಿಗೆ ಕೊಡುವ ಮಾತೂ ಕಿವಿಗೆ ಬಿತ್ತು.

ಅದಕ್ಕೆ ನಡೆದ ಬಾಣಂತನ ನೀವು ನೋಡಬೇಕಿತ್ತು. ಮೊದಮೊದಲು ಜೋರಾಗಿ ಓಡಿಸಬಾರದಂತೆ. ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಪಳಗಿಸಬೇಕಂತೆ. ಓಡಿ ಬಂದ ಬಿಸಿಯಲ್ಲೇ ಚಾರ್ಜಿಗೆ ಹಾಕುವಂತಿಲ್ಲ, ಬ್ಯಾಟರಿ ತಣಿಯಬೇಕು. ಪೈಪಿನ ನೀರು ರಭಸವಾಗಿ ಬಿಡುವಂತಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನನ್ನನ್ನೋ, ಬಂದ ದಿನವೇ ದಿಬ್ಬ ಹಾರಿಸಿದ್ದಳು, ಎಮ್ಮೆ ತೊಳೆದ ಹಾಗೆ ತೊಳೆದಿದ್ದಳು. ಸುಸ್ತಾಯಿತೇ ಎಂದು ಯಾರು ಕೇಳಿದ್ದರು?

ಅದು ಮೊದಲ ಸಲ ಗಣಿಗೆ ಹೋಗಿ ಬಂದಾಗ ನೀಲಾ ನಟ್ಟು ಬೋಲ್ಟುಗಳನ್ನೆಲ್ಲ ಬಿಗಿ ಮಾಡಿ, ಚೈನಿನ ಸಡಿಲು ತೆಗೆದಳು. ಮುಂದಿನ ಗಾಲಿಯ ಸ್ಪೋಕು ಕಡ್ಡಿಗಳ ಹತ್ತಿರ ಬಂದು ಅನುಮಾನಿಸಿದಳು. ಹೊಸ ಸ್ಪೋಕುಗಳು ಮೊದಲ ಓಟಕ್ಕೇ ಸಡಿಲಾಗುತ್ತವೆ. ಹಾಗೇ ಬಿಟ್ಟರೆ ದಿಬ್ಬದಿಂದ ಇಳಿಯುವಾಗ ಗಾಲಿ ಸೊಟ್ಟಗಾಗಿ ಅವಳು ಬೀಳುತ್ತಾಳೆ. ಆದರೆ ಎಷ್ಟು ಬಿಗಿಯಬೇಕು? ಬೋಲ್ಟು ಬಿಗಿಯುವ ಪಾನಾದಿಂದ ಒಂದೊಂದನ್ನೇ ತಟ್ಟಿದಳು; ತಂಬೂರಿಯ ತಂತಿಯಂತೆ ಅವೂ ಬಿಗಿಯಾದಷ್ಟು ಸ್ವರ ಏರುತ್ತದೆ. ಪಡಸಾಲೆಯಲ್ಲಿ ಸಂಗೀತದ ಪಾಠ ಹೇಳುತ್ತಿದ್ದ ಅವಳ ಅವ್ವ ತಂಬೂರಿ ಕೆಳಗಿಟ್ಟು ಎದ್ದು ಬಂದರು.

"ಏನವಾ ಇದು, ಒಂದಕ್ಕೊಂದು ಕೂಡವಲ್ತು! ಬಾಳ ಬೇಸೂರ ಐತಿ."

"ಯಾವ ಸ್ವರಕ್ಕ ಕೂಡಿಸ್ಲಿ ಅವ್ವಾ? ನನಗ ತಿಳೀವಲ್ತು."

"ಆ ಹಳೇದನ್ನ ಬಡದು ನೋಡು. ಎರಡೂ ಬೈಕಿನ ಗಾಲಿ ಒಂದ ಅಳತಿ ಅದಾವಲ್ಲ?"

ನೀಲಾ ನನ್ನ ಬಳಿ ಬಂದು ಕುಕ್ಕರಗಾಲಲ್ಲಿ ಕೂತು ಮುಂದಿನ ಗಾಲಿಯ ಸ್ಪೋಕು ತಟ್ಟಿದಳು. ಟಿಣ್ ಎಂದೆ. ಅವಳ ಕೈ ತಾಗಿ ಎಷ್ಟು ದಿನವಾಗಿತ್ತು! ಅತ್ತ ಒಂದು ಸ್ಪೋಕು ಬಿಗಿಯುವಳು, ಇತ್ತ ಬಂದು ನನ್ನನ್ನು ಕೇಳುವಳು. ಅವ್ವ "ಹಾಂ, ಈಗ ಕೂಡ್ತು" ಎನ್ನುವ ಹೊತ್ತಿಗೆ ಅದರ ಗಾಲಿ ಪೂರ್ತಿ ನನ್ನ ಸ್ವರಕ್ಕೆ ಬಂದಿತ್ತು. ಇನ್ನು ಇವಳು ನನ್ನನ್ನು ಬಿಡುವುದಿಲ್ಲ ಎಂದು ಬೀಗಿದೆ.

ಮರುವಾರ ಗುಜರಿಯವನು ಗಾಡಿ ತಂದ.

"ಇಡೀ ಒಯ್ಯೂದೇನ್ರಿ ಅಕ್ಕಾರ?"

"ಮುಂದಿನ ಗಾಲಿ ಬಿಚ್ಚಿ ಇಲ್ಲೇ ಇಡ್ರಿ. ಉಳದದ್ದು ಒಯ್ರಿ," ಎಂದು ನೀಲಾ ಮುಖ ತಿರುಗಿಸಿದಳು.

ಈಗ ನಾನು ಬರೀ ಗಾಲಿ, ಗೋಡೆಯ ಮೊಳೆಗೆ ನೇತುಬಿದ್ದಿದ್ದೇನೆ. ಹೊಟ್ಟೆಯೇ ಹೋಯಿತು, ಹೊಟ್ಟೆಕಿಚ್ಚು ಹೋಗಿಲ್ಲ. ಗಣಿಗೆ ಹೊರಡುವ ಮುಂಚೆ ನೀಲಾ ಮೊದಲು ನನ್ನನ್ನು ತಟ್ಟುತ್ತಾಳೆ, ಆಮೇಲೆ ಅದನ್ನು. ಹಾರುವುದು ಅದರ ಮೇಲೆಯೇ. ಹಾರಲಿ. ನಾನು ನುಡಿಯುವ ತನಕ ಅದು ಹೊಸ್ತಿಲು ದಾಟುವಂತಿಲ್ಲ.