ಹಾಲ್ವರ್ ತುಂಬಿದ ತೋಟಾ

ಮೊಂಟಾನಾದಲ್ಲಿ ಕಾಡುಟಗರು ಹೊಡೆಯುವ ಪರವಾನಗಿಯನ್ನು ಚೀಟಿ ಎತ್ತಿ ಕೊಡುತ್ತಾರೆ. ಲಿಯೋಟಾ ಇಪ್ಪತ್ತೆರಡು ವರ್ಷ ಅರ್ಜಿ ಹಾಕಿದಳು. ಅರವತ್ತಾರನೆಯ ವಯಸ್ಸಿನಲ್ಲಿ, ಮಂಡಿಗಳೆರಡೂ ಮುಷ್ಕರ ಹೂಡಿದ ಮೇಲೆ, ಅವಳ ಹೆಸರು ಬಂತು. ಊರಿಗೆಲ್ಲ ಡಂಗುರ ಹೊಡೆದವನು ಮಾತ್ರ ಗಂಡ ಹಾಲ್ವರ್, ಪರವಾನಗಿ ತನಗೇ ಬಂದವನ ಹಾಗೆ.

ಹಾಲ್ವರ್ ತೋಟಾಗಳನ್ನು ಮನೆಯಲ್ಲೇ ತುಂಬುವವನು. ಹಾರಿಸಿದ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ತಿಕ್ಕಿ ತೊಳೆದು, ಮದ್ದನ್ನು ಕಾಳುಕಾಳಾಗಿ ತೂಗಿ ಸುರಿದು, ಮೇಲೆ ಗುಂಡು ಕೂರಿಸುತ್ತಿದ್ದ. ಹೆಂಡತಿಯ ಹುಟ್ಟುಹಬ್ಬ ಮರೆಯುತ್ತಿದ್ದ, ಯಾವ ತೋಟಾಕ್ಕೆ ಎಷ್ಟು ಮದ್ದು ಎಂಬುದನ್ನು ಮಾತ್ರ ಮರೆಯುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

"ನಂಗೆ ಅಂಗಡೀದೇ ಸಾಕು ಕಣೋ," ಎಂದಳು ಲಿಯೋಟಾ. "ನಮ್ಮಪ್ಪ ಜೀವಮಾನವೆಲ್ಲ ಅದ್ರಲ್ಲೇ ಬೇಟೆ ಆಡ್ದ."

"ನಿಮ್ಮಪ್ಪಂಗೆ ಅದೃಷ್ಟ ಇತ್ತು. ನಂಗೆ ವಿದ್ಯೆ ಇದೆ."

ಆ ವಿದ್ಯೆ ಈ ಸಲ ಇನ್ನೊಂದು ಮೆಟ್ಟಿಲು ಹತ್ತಿತು. ಗುಂಡನ್ನು ವಾಡಿಕೆಗಿಂತ ಉದ್ದಕ್ಕೆ, ಕೊಳವೆಯಿಂದ ಹೊರಚಾಚಿ ಕೂರಿಸಿದ. ಅದರ ಮೂತಿ ಕೋವಿಯ ನಳಿಗೆಯೊಳಗಿನ ಸುರುಳಿಗೆರೆಗೆ ಒತ್ತಿಕೊಂಡಿದ್ದರೆ ಗುರಿ ಕೂದಲೆಳೆಯಷ್ಟೂ ತಪ್ಪುವುದಿಲ್ಲವಂತೆ. ಮನೆಯ ಹಿಂದೆ ಹಾರಿಸಿ, ಮೂರು ತೂತು ಒಂದಾದ ಕಾಗದವನ್ನು ಕಾಫಿ ಅಂಗಡಿಯಲ್ಲಿ ಕಂಡಕಂಡವರಿಗೆ ತೋರಿಸಿದ. ಲಿಯೋಟಾ ಚೀಲದಲ್ಲಿಟ್ಟುಕೊಂಡಿದ್ದ ಅಂಗಡಿ ತೋಟಾಗಳ ಡಬ್ಬವನ್ನು ತೆಗೆದು ಕಪಾಟಿಗೆ ಹಾಕಿದ.

ವಾರಗಟ್ಟಲೆ ಬೆಟ್ಟ ಅಲೆದರು. ಬೇಟೆಯ ಅವಧಿಯ ಕೊನೆಯ ದಿನ, ಪಿಕಪ್ ಬಿಟ್ಟು ನಾಲ್ಕು ಗಂಟೆ ಹಿಮದಲ್ಲಿ ಏರಿದ ಮೇಲೆ, ಟಗರು ಕಂಡಿತು. ಕೊಂಬು ಪೂರ್ತಿ ಒಂದು ಸುತ್ತು ಸುತ್ತಿ ಬಂದಿತ್ತು. ಅವಳು ಕೋವಿಗೆ ತೋಟಾ ಏರಿಸಿದಳು.

"ಯಾಕೋ ಬಿಗಿಯಾಯ್ತಲ್ಲ?"

"ಬಿಗಿಯಾಗೇ ಇರ್ಬೇಕು ಕಣೇ. ಅದೇ ಗುಟ್ಟು."

ಅಷ್ಟರಲ್ಲಿ ಟಗರು ಬೆಟ್ಟದ ಏಣಿನ ಆಚೆ ಇಳಿಯಿತು. ಹಿಂಬಾಲಿಸಲು ಸಡಿಲ ಕಲ್ಲಿನ ಇಳಿಜಾರು ದಾಟಬೇಕು. ತೋಟಾ ಏರಿಸಿದ ಕೋವಿ ಹಿಡಿದು ಕಲ್ಲಿನ ಮೇಲೆ ನಡೆಯಬಾರದು ಎಂದು ಅವಳಪ್ಪ ಕಲಿಸಿದ್ದ. ಬುದ್ಧಿಯಿರುವ ಯಾರೂ ಹಾಗೆ ನಡೆಯುವುದಿಲ್ಲ. ಲಿಯೋಟಾ ತೋಟಾವನ್ನು ಹೊರಗೆಳೆದಳು.

ಬಂದದ್ದು ಬರೀ ಕೊಳವೆ. ಗುಂಡು ಸುರುಳಿಗೆರೆಯಲ್ಲಿ ಕಚ್ಚಿಕೊಂಡು ನಳಿಗೆಯೊಳಗೇ ಉಳಿದಿತ್ತು. ಕಾಳುಕಾಳಾಗಿ ತೂಗಿದ ಮದ್ದೆಲ್ಲ ಕೋವಿಯ ಸಂದುಗೊಂದಿಗೆ, ಅವಳ ತೋಳಿಗೆ, ಹಿಮಕ್ಕೆ ಸುರಿಯಿತು. ಮನೆಯ ಹಿಂದೆ ಹಾಲ್ವರ್ ಏರಿಸಿದ್ದನ್ನೆಲ್ಲ ಹಾರಿಸಿಯೇ ತೀರಿದ್ದ. ಹಾರಿಸದೆ ಹೊರತೆಗೆದರೆ ಏನಾದೀತೆಂದು ಆ ಪಂಡಿತನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಗುಂಡು ಹೊರಗೆ ತಳ್ಳೋ ಸರಳು ಎಲ್ಲಿ?" ಎಂದಳು.

"ಪಿಕಪ್‌ನಲ್ಲಿ."

ಸಿಕ್ಕಿಕೊಂಡ ಗುಂಡು ತೆಗೆಯದೆ ಇನ್ನೊಂದು ತೋಟಾ ಏರಿಸುವಂತಿಲ್ಲ, ಅವನ ಹತ್ತಿರ ಬೇರೆ ಕೋವಿಯೂ ಇರಲಿಲ್ಲ. ಏಣಿನ ತನಕ ತೆವಳಿ ನೋಡಿದರು. ಟಗರು ನೂರೈವತ್ತು ಗಜ ದೂರದಲ್ಲಿ ಪಕ್ಕೆ ತೋರಿಸಿಕೊಂಡು ನಿಂತಿತ್ತು. ಅಷ್ಟು ಅಗಲದ ಪಕ್ಕೆಗೆ ಕೂದಲೆಳೆಯ ಗುರಿ ಯಾವ ದೊಣ್ಣೆನಾಯಕನಿಗೆ ಬೇಕಿತ್ತು!

"ಈ ನಳಿಗೇನೇ ಸರಿ ಇಲ್ಲ," ಹಾಲ್ವರ್ ಪಿಸುಗುಟ್ಟಿದ. ಕುಣಿಯಲಾರದವಳಿಗೆ ನೆಲ ಡೊಂಕು. ಆಮೇಲೆ ಮೆತ್ತಗಾದ. "ಹೋಗ್ಲಿ ಬಿಡೇ. ಮುಂದಿನ್ ಸಲ ಗುಂಡನ್ನ ಒಂಚೂರು ಒಳಗೆ ಕೂರಿಸ್ತೀನಿ."

ಮುಂದಿನ ಸಲವಂತೆ! ಒಮ್ಮೆ ಹೆಸರು ಬಂದವರು ಏಳು ವರ್ಷ ಅರ್ಜಿಯನ್ನೇ ಹಾಕುವಂತಿಲ್ಲ.

"ಏಳು. ಆಮೇಲೆ ಇನ್ನೊಂದ್ ಇಪ್ಪತ್ತೆರಡು," ಎಂದಳು ಲಿಯೋಟಾ. "ನಂಗೆ ತೊಂಬತ್ತೈದು ಆಗಿರತ್ತೆ. ನೀನೇ ಹೊತ್ಕೊಂಡು ಬರ್ತೀಯೇನೋ ಇಲ್ಲಿಗೆ?"

ಅವನು ಅವಳ ತೋಳಿನ ಮದ್ದು ಕೊಡವಲು ಬಂದ. ಅವಳು ಆ ಕೈಯನ್ನು ಸರಿಸಿ, ಅವನ ಕೊರಳಲ್ಲಿದ್ದ ದುರ್ಬೀನು ಕಿತ್ತುಕೊಂಡಳು. ಟಗರು ಮೇಯುತ್ತ ಮೇಯುತ್ತ ಮೇಲಕ್ಕೆ ಹೊರಟಿತ್ತು. ಕಣ್ಣೀರಿಗೆ ಗಾಜು ಮಂಜಾಗುತ್ತಿತ್ತು. ಒರೆಸಿಕೊಂಡು ಮತ್ತೆ ಹಿಡಿದಳು.

"ಲಿಯೋಟಾ, ಅದು ಏನಾಯ್ತು ಅಂದ್ರೆ..."

"ಬಾಯ್ಮುಚ್ಚು. ಕಣ್ತುಂಬ ನೋಡೋಕಾದ್ರೂ ಬಿಡು."