ಜೌಗಿನಾಚೆಯ ದನಿ

"ಇಂಜಿನ್ ಆಫ್ ಮಾಡೇ," ಎಂದಳು ಟೀಚರ್.

ತಿರುವಿನಲ್ಲಿ ರಸ್ತೆ ಸ್ವಲ್ಪ ಅಗಲವಾಗಿದ್ದ ಕಡೆ ಕಾರು ಒತ್ತರಿಸಿ ಅವಳ ಗೆಳತಿ ಕೀಲಿ ತಿರುಗಿಸಿದಳು. ಟೀಚರ್ ತನ್ನ ಕಡೆಯ ಗಾಜನ್ನು ಪೂರ್ತಿ ಇಳಿಸಿ, ಕತ್ತು ಹೊರಗೆ ಚಾಚಿ ಕೂತಳು. ಕೆಳಗೆ ಕಣಿವೆಯ ತುಂಬ ಕಾಡು, ಅದರಾಚೆ ಒಂದರ ಹೆಗಲ ಮೇಲೊಂದು ಬೆಟ್ಟ. ಬಿಸಿಯೇರಿದ್ದ ಇಂಜಿನ್ ಟಿಕ್ ಟಿಕ್ ಎನ್ನುತ್ತ ತಣ್ಣಗಾಗುತ್ತಿತ್ತು.

"ಏನಾದ್ರೂ ಕೇಳಿಸ್ತಾ?"

"ಹೊಟ್ಟೆ ತಾಳ ಹಾಕ್ತಿರೋದು ಕೇಳಿಸ್ತಿದೆ. ಬೆಳಗ್ಗೆಯಿಂದ ಇದು ಎಷ್ಟನೇ ಸಲ ಟೀಚರಮ್ಮ? ಹೀಗೆ ನಿಂತು ನಿಂತು ಹೋದ್ರೆ ನಾವು ಮುದುಕಿಯರಾಗೇ ವಾಪಸ್ ಹೋಗೋದು."

ಟೀಚರ್ ನಗಲಿಲ್ಲ. ಗಾಜು ಏರಿಸಿ, "ಸರಿ, ನಡಿ," ಎಂದಳು.

ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಒಬ್ಬಳು ಮಕ್ಕಳಿಗೆ ಸಂಗೀತ ಕಲಿಸುವ ಟೀಚರ್ ಆದಳು. ಇನ್ನೊಬ್ಬಳು ಅಪ್ಪನ ಕನ್ನಡಕದ ಅಂಗಡಿ ಹಿಡಿದಳು. ಬೆಟ್ಟಸೀಮೆಯಲ್ಲಿ ಸಾಲಾಗಿ ಮೂರು ರಾಷ್ಟ್ರೀಯ ಉದ್ಯಾನಗಳಿವೆ, ಕಾರಿನಲ್ಲಿ ಸುತ್ತಿ ಬರೋಣ ಎಂದು ಟೀಚರೇ ಬಾಯಿಬಿಟ್ಟು ಕೇಳಿದಾಗ ಅಂಗಡಿಯವಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ತಂಗಿ ಹೋದಮೇಲೆ ಟೀಚರ್ ತಾನಾಗಿ ಏನನ್ನೂ ಕೇಳಿದವಳಲ್ಲ. "ಹೋಗ್ಬಾ, ಅಂಗಡಿ ನಾನು ನೋಡ್ಕೋತೀನಿ," ಎಂದಿದ್ದ ಗಂಡ. ಅವನು ನೋಡಿಕೊಳ್ಳುವುದೆಂದರೆ ಹತ್ತಿರದ್ದಕ್ಕೆ ಕೊಡಬೇಕಾದ ಕನ್ನಡಕವನ್ನು ದೂರದ್ದಕ್ಕೆ ಕೊಟ್ಟು ಕಳಿಸುವುದು. ಆದರೂ ಹೊರಟು ಬಂದಿದ್ದಳು.

ತಂಗಿಯ ವಿಷಯ ಇಬ್ಬರೂ ಎತ್ತಿರಲಿಲ್ಲ. ಮೂರನೆಯ ಉದ್ಯಾನದಲ್ಲೇ ಅವಳಿಗೆ ಕೆಲಸವಿದ್ದದ್ದು, ಸರೋವರಕ್ಕೆ ಬರುವ ಹಕ್ಕಿಗಳನ್ನು ಎಣಿಸುವ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಬೆಳಗ್ಗೆ ಸರೋವರದ ಕಡೆ ಹೋದವಳು ಹಿಂತಿರುಗಲಿಲ್ಲ. ನಾಯಿ ಬಿಟ್ಟು ಹುಡುಕಿದರು, ದೋಣಿ ಇಳಿಸಿ ಹುಡುಕಿದರು. ಅವಳ ದುರ್ಬೀನು ಮಾತ್ರ ಸರೋವರದ ಹಲಗೆ ಹಾದಿಯ ಕಟಕಟೆಯ ಮೇಲೆ, ಈಗ ಬಂದೆ ಎಂದು ಯಾರೋ ತೂಗುಹಾಕಿ ಹೋದ ಹಾಗೆ, ತೂಗುತ್ತಿತ್ತು. ಟೀಚರ್ ಇವತ್ತಿಗೂ ಮನೆಯಲ್ಲಿ ಅವಳ ಕೋಣೆಯ ಹಾಸಿಗೆಗೆ ಒಗೆದ ಹೊದಿಕೆ ಹಾಸುತ್ತಾಳೆ.

ಅಂಗಡಿಯವಳಿಗೂ ಆ ಹುಡುಗಿ ತಂಗಿಯ ಹಾಗೇ. ರಜೆಗೆ ಬಂದಾಗಲೆಲ್ಲ ಅಂಗಡಿಗೆ ನುಗ್ಗಿ, ಇದ್ದಬದ್ದ ಫ್ರೇಮುಗಳನ್ನೆಲ್ಲ ಮೂಗಿಗೇರಿಸಿ, ಕನ್ನಡಿಯ ಮುಂದೆ ಮುಖ ಸೊಟ್ಟ ಮಾಡಿ ಗಿರಾಕಿಗಳನ್ನು ನಗಿಸುತ್ತಿದ್ದಳು. "ಕನ್ನಡಕಕ್ಕಾ" ಎಂದು ಇವಳನ್ನು ಕರೆಯುವವಳು ಅವಳೊಬ್ಬಳೇ. ಕಡ್ಡಿಯಂತಿದ್ದ ತನ್ನ ಸ್ವಂತ ಅಕ್ಕನನ್ನು ಕರೆಯುತ್ತಿದ್ದದ್ದು "ಗುಂಡಕ್ಕಾ" ಎಂದು.

ಎರಡನೆಯ ಉದ್ಯಾನದಲ್ಲಿ ಸಂಜೆ ಬಿಸಿಲು ಇರುವಾಗಲೇ ಕಾಟೇಜು ಸೇರಿದರು. ಎದುರಿನ ಹುಲ್ಲುಗಾವಲಿನಲ್ಲಿ ಜಿಂಕೆಗಳ ಹಿಂಡು. ಅಂಗಡಿಯವಳು ಫೋಟೋ ತೆಗೆಯಲು ಹೊರಟು ಹಾಗೇ ನಿಂತುಬಿಟ್ಟಳು. ಒಂದು ಜಿಂಕೆಯೂ ಮೇಯುತ್ತಿರಲಿಲ್ಲ. ದೊಡ್ಡವು, ಮರಿಗಳು ಎಲ್ಲವೂ ಕಿವಿ ನಿಮಿರಿಸಿಕೊಂಡು ಒಂದೇ ದಿಕ್ಕಿಗೆ, ಬಡಗಣ ಬೆಟ್ಟದ ಕಡೆಗೆ, ಮುಖ ಮಾಡಿದ್ದವು. ಚಪ್ಪಾಳೆ ತಟ್ಟಿದಳು. ಒಂದೂ ತಿರುಗಲಿಲ್ಲ.

"ಹುಲಿ ಗಿಲಿ ಏನಾದ್ರೂ ಇದ್ಯೇನೋ," ಎಂದಳು.

"ಹುಲಿ ಇದ್ರೆ ಓಡ್ತಿದ್ವು," ಎಂದಳು ಟೀಚರ್. ಅವಳೂ ಅದೇ ದಿಕ್ಕಿಗೆ ನೋಡುತ್ತಿದ್ದಳು. "ಅವಕ್ಕೂ ಕೇಳಿಸುತ್ತೆ ಅನ್ಸುತ್ತೆ."

"ಏನು ಕೇಳಿಸೋದು?"

"ಏನಿಲ್ಲ ಬಿಡು. ಚಳಿ, ಒಳಗೆ ಬಾ."

ಮೂರನೆಯ ಉದ್ಯಾನದ ಗೇಟು ತಲುಪುವಷ್ಟರಲ್ಲಿ ಮರುದಿನದ ಬೆಳಕು ಚೆನ್ನಾಗಿ ಹರಿದಿತ್ತು. ಆದರೆ ಬೆಳಕೆಂದರೆ ಬರೀ ಬಿಳುಪು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೇಟಿನ ಕಾವಲುಗಾರ ಮೊದಲು ಕೆಮ್ಮಿದ, ಆಮೇಲೆ ಕಾಣಿಸಿದ.

"ಸರೋವರಕ್ಕಾ? ಜೌಗಿನ ಮೇಲೆ ಹಲಗೆ ಹಾಸಿದೀವಿ, ಅದರ ಮೇಲೇ ಹೋಗಿ ಬನ್ನಿ ಅಮ್ಮ. ಎರಡೂ ಕಡೆ ನೆಲದ ಹಾಗೆ ಕಾಣುತ್ತೆ, ಆದರೆ ನೆಲ ಅಲ್ಲ. ಕಾಲಿಟ್ರೆ ಎಳಕೊಳ್ಳುತ್ತೆ."

ಹಲಗೆ ಹಾದಿ ಒದ್ದೆಯಾಗಿತ್ತು. ಅಕ್ಕಪಕ್ಕದಲ್ಲಿ ಆಳೆತ್ತರದ ಜೊಂಡು, ಅದರ ನಡುನಡುವೆ ಹಸಿರು ಪಾಚಿ ಕಟ್ಟಿದ ಸಪಾಟು ಜಾಗ. ಟೀಚರ್ ಮುಂದೆ, ಅವಳು ಹಿಂದೆ. ಕಟಕಟೆ ಮುಗಿದು ಬರೀ ಹಲಗೆ ಉಳಿದ ಕಡೆ ಟೀಚರ್ ನಿಂತಳು. ಅಂಗಡಿಯವಳು ಹಿಂದಿನಿಂದ ಬಂದು ಅವಳ ಕೈ ಹಿಡಿದುಕೊಂಡಳು. ಕೈ ಮಂಜುಗಡ್ಡೆಯಾಗಿತ್ತು.

ಆಗ ಕೇಳಿಸಿತು.

"ಗುಂಡಕ್ಕಾ... ಬಂದ್ಯಾ?"

ಕಾಪಾಡಿ ಎಂಬ ಕೂಗಲ್ಲ ಅದು. ಅಳುವೂ ಅಲ್ಲ. ಹೊರಗೆ ಬಾಗಿಲು ಸದ್ದಾದಾಗ ಒಳಮನೆಯಲ್ಲಿ ಕೆಲಸ ಮಾಡುತ್ತಿದ್ದವರು ತಲೆಯೆತ್ತದೆಯೇ ಕೇಳುವ ಹಾಗಿತ್ತು. ಬಲಗಡೆ, ಜೊಂಡಿನ ಆಚೆಯಿಂದ. ಆ ದನಿಯನ್ನು ಅಂಗಡಿಯವಳು ನೂರು ಜನರ ನಡುವೆಯೂ ಗುರುತಿಸಬಲ್ಲಳು.

ಟೀಚರ್ ಮೆಲ್ಲಗೆ ತಿರುಗಿದಳು. ಅವಳ ಕಣ್ಣುಗಳು ಅಗಲವಾಗಿದ್ದವು.

"ಹೋದ ವರ್ಷ ನಾನೊಬ್ಳೇ ಬಂದಿದ್ದೆ ಕಣೇ. ಯಾರಿಗೂ ಹೇಳ್ಲಿಲ್ಲ. ಆವತ್ತು ಕೇಳಿಸ್ತು. ಆಮೇಲೆ ಮನೇಲಿ ಕೂತ್ರೂ ಕೇಳಿಸುತ್ತೆ, ಪಾಠ ಮಾಡುವಾಗಲೂ ಕೇಳಿಸುತ್ತೆ. ನನಗೆ ಹುಚ್ಚು ಹಿಡಿದಿದ್ಯೋ, ಅವಳು ನಿಜವಾಗಲೂ ಕರೀತಿದಾಳೋ, ಅದು ಗೊತ್ತಾಗ್ಬೇಕು ನನಗೆ. ಅದಕ್ಕೇ ನಿನ್ನ ಕರಕೊಂಡು ಬಂದೆ. ನೀನಾದ್ರೆ ಸುಳ್ಳು ಹೇಳಲ್ಲ. ಹೇಳು, ನಿನಗೂ ಕೇಳಿಸ್ತಾ?"

ಅಂಗಡಿಯವಳು ಕೆಳಗೆ ನೋಡಿದಳು. ಟೀಚರ ಬಲಗಾಲಿನ ಬೂಟು ಹಲಗೆಯ ಅಂಚು ದಾಟಿತ್ತು. ಅದರ ತುದಿ ಪಾಚಿಗೆ ತಾಗಿದಲ್ಲಿ ಕಪ್ಪು ನೀರು ಸದ್ದಿಲ್ಲದೆ ಒಸರುತ್ತಿತ್ತು. ಹೂಂ ಎಂದರೆ ಆ ಕಾಲು ನಿಲ್ಲುವುದಿಲ್ಲ.

"ಇಲ್ಲ ಕಣೇ," ಎಂದಳು. "ಏನೂ ಕೇಳಿಸ್ಲಿಲ್ಲ. ನೀರುಕೋಳಿ ಇರ್ಬೇಕು."

"ನನ್ನ ಮುಖ ನೋಡ್ಕೊಂಡು ಹೇಳು."

ಅವಳು ಮುಖ ನೋಡಿದಳು. ದಿನವಿಡೀ ಬೇರೆಯವರ ಕಣ್ಣೊಳಗೆ ದೀಪ ಬಿಟ್ಟು ನೋಡುವ ಅಭ್ಯಾಸ ಅವಳದು. ರೆಪ್ಪೆ ಅಲುಗಿಸದೆ ನೋಡಿದಳು. "ಇಲ್ಲ. ಯಾರೂ ಕರೀಲಿಲ್ಲ."

ಟೀಚರ್ ಹಲಗೆಯ ಮೇಲೇ ಕುಸಿದು ಕೂತಳು. ಬಿಕ್ಕಿ ಬಿಕ್ಕಿ ಅತ್ತಳು. ದುರ್ಬೀನು ತಂದುಕೊಟ್ಟ ದಿನ ಬಾರದಿದ್ದ ಅಳು, ಮೈಯೆಲ್ಲ ನಡುಗಿಸಿಕೊಂಡು ಬಂತು. "ಹಾಗಾದ್ರೆ ಅವಳಿಲ್ಲ," ಎಂದಳು ಕೊನೆಗೆ. "ಇಲ್ಲ ಅಲ್ವಾ?"

"ಇಲ್ಲ. ಏಳು, ಮನೆಗೆ ಹೋಗೋಣ."

ತೋಳು ಹಿಡಿದು ಎಬ್ಬಿಸಿ ಹಿಂದಕ್ಕೆ ತಿರುಗಿಸಿದಳು. ಈ ಸಲ ಟೀಚರನ್ನು ಮುಂದೆ ಬಿಟ್ಟು ತಾನು ಹಿಂದೆ ನಡೆದಳು. ಕಟಕಟೆಗೆ ಇನ್ನೇನು ಕೈ ಸಿಗಬೇಕು, ಅಷ್ಟರಲ್ಲಿ ಬೆನ್ನ ಹಿಂದೆ, ಮೊದಲಿಗಿಂತ ತೀರ ಹತ್ತಿರದಲ್ಲಿ, ನಗು ತುಂಬಿಕೊಂಡ ದನಿ ಬಂತು.

"ಅರೆ, ಕನ್ನಡಕಕ್ಕಾನೂ ಬಂದಿದಾಳೆ!"

ಮುಂದಿದ್ದ ಟೀಚರ್ ಮೂಗು ಒರೆಸಿಕೊಳ್ಳುತ್ತ ನಡೆದೇ ಇದ್ದಳು. ಅವಳಿಗೆ ಕೇಳಿಸಿದ ಲಕ್ಷಣವೇ ಇರಲಿಲ್ಲ. ಅಂಗಡಿಯವಳು ಹಲ್ಲು ಕಚ್ಚಿ, ಗೆಳತಿಯ ಬೆನ್ನ ಮೇಲೆ ಕಣ್ಣು ನೆಟ್ಟು ಹೆಜ್ಜೆ ಹಾಕಿದಳು. ಹಿಂದಿರುಗಿ ನೋಡಲಿಲ್ಲ. ಕಾರಿಗೆ ಬಂದಮೇಲೆ ಮೊದಲು ಎಲ್ಲ ಗಾಜುಗಳನ್ನೂ ಪೂರ್ತಿ ಏರಿಸಿದಳು.

ಬೆಟ್ಟ ಇಳಿಯುವಷ್ಟೂ ಹೊತ್ತು ಟೀಚರ್ ಎಳೆಮಗುವಿನ ಹಾಗೆ ನಿದ್ದೆ ಹೋದಳು.

ಟೀಚರ್ ನಿಜಕ್ಕೂ ಸುಧಾರಿಸಿದಳು. ಡಾಕ್ಟರ ಹತ್ತಿರ ಹೋದಳು, ಮಾತ್ರೆ ತಗೊಂಡಳು, ಊಟ ಮೈಗೆ ಹತ್ತಿತು. ತಂಗಿಯ ಕೋಣೆ ಖಾಲಿ ಮಾಡಿ ಗೋಡೆಗೆ ಹಳದಿ ಬಣ್ಣ ಹೊಡೆಸಿ ಅಲ್ಲಿಯೇ ಸಂಗೀತದ ಪಾಠ ಶುರುಮಾಡಿದಳು. "ಅವತ್ತು ನೀನು ನಿಜ ಹೇಳ್ದೆ ನೋಡು, ಅದರಿಂದ ನಾನು ಉಳಕೊಂಡೆ," ಎಂದು ಕಂಡಕಂಡವರ ಮುಂದೆ ಹೇಳುವಳು. "ಈಗ ಏನೂ ಕೇಳಿಸಲ್ಲ. ಒಂದಿಷ್ಟೂ ಇಲ್ಲ." ಅಂಗಡಿಯವಳು ಸುಮ್ಮನೆ ನಕ್ಕು ಮಾತು ತಿರುಗಿಸುವಳು. ಈಗ ಅಂಗಡಿಯಲ್ಲಿ ಕೂತಾಗಲೂ ಅವಳ ಕಿವಿಯಲ್ಲಿ "ಕನ್ನಡಕಕ್ಕಾ" ಎಂಬ ದನಿ. ಗಂಡ ಒಂದೆರಡು ಸಲ ಕೇಳಿದ್ದ: "ಕರೆದ್ರೂ ಕೇಳಿಸಲ್ವಾ? ಎಲ್ಲಿರುತ್ತೆ ನಿನ್ನ ಗ್ಯಾನ?"

ಮುಂದಿನ ವರ್ಷ, ಹೊಸ ಫ್ರೇಮು ನೋಡಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಅವಳು ಒಬ್ಬಳೇ ಬೆಟ್ಟ ಹತ್ತಿದಳು. ಈ ಸಲ ಮಂಜಿರಲಿಲ್ಲ. ಸರೋವರದ ಮೇಲೆ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು. ಹಲಗೆಯ ತುದಿಯವರೆಗೂ ಹೋಗಿ, ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತಳು.

"ಬಂದೆ ಕಣೇ," ಎಂದಳು, ಪಕ್ಕದಲ್ಲಿದ್ದವರಿಗೆ ಹೇಳುವಷ್ಟೇ ದನಿಯಲ್ಲಿ. "ಅವಳು ಚೆನ್ನಾಗಿದಾಳೆ. ಅವಳನ್ನ ಬಿಟ್ಟುಬಿಡು."

ನೀರಿನ ಮೇಲಿದ್ದ ಹಕ್ಕಿಗಳು ಒಮ್ಮೆಲೇ ಸದ್ದು ನಿಲ್ಲಿಸಿದವು. ಗಾಳಿಯಿರಲಿಲ್ಲ. ಆದರೂ ಆಚೆ ದಡದಲ್ಲಿ ಜೊಂಡು ಒಂದು ಕಡೆ ಬಾಗಿ ಎರಡಾಯಿತು. ಆಮೇಲೆ ಅದರ ಈಚೆಯದು, ಅದರ ಈಚೆಯದು, ಯಾರೋ ಎರಡೂ ಕೈಯಲ್ಲಿ ಸರಿಸಿಕೊಂಡು ಬರುತ್ತಿರುವ ಹಾಗೆ, ಅವಸರವಿಲ್ಲದೆ ಅವಳ ಕಡೆಗೆ. ಅವಳು ನೋಡುತ್ತ ಕೂತಳು. ಬಗಲಲ್ಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಹಲಗೆಯ ಮೇಲೆ ಇನ್ನೊಬ್ಬರು ಕೂರುವಷ್ಟು ಜಾಗ ಮಾಡಿದಳು.